ಮೇವಿನ ಚಕ್ರ, ಮೋಟರು ಮತ್ತು ಲಕ್ಷ್ಮಣರಾವ್ ಕಿರ್ಲೋಸ್ಕರ್

ದೊಡ್ಡಬಳ್ಳಾಪುರದಿಂದ ದೇವನಹಳ್ಳಿ ಕಡೆ ಹೋಗುವಾಗ, ಇಲ್ಲಾ ಹೊಸಕೋಟೆ ಆಚೆ ಯಾವುದಾದರೂ ಹಳ್ಳಿಯಲ್ಲಿ, ನಾಲ್ಕು ಹಸು ಕಟ್ಟಿರೋ ಕೊಟ್ಟಿಗೆ ಮುಂದೆ ಒಂದು ನಿಮಿಷ ಬೈಕ್ ನಿಲ್ಲಿಸಿ ನೋಡಿ. ಮೂಲೆಯಲ್ಲಿ ಮೇವು ಕತ್ತರಿಸೋ ಯಂತ್ರ ಇರುತ್ತೆ. ಎದೆಮಟ್ಟದ ಬೀಡುಕಬ್ಬಿಣದ ಚಕ್ರ, ಅದರ ಕಡ್ಡಿಗಳಿಗೆ ಬೋಲ್ಟ್ ಮಾಡಿದ ಬಾಗಿದ ಅಲಗುಗಳು, ಹಿಂದೆ ಜೋಳದ ಕಡ್ಡಿ ತಳ್ಳೋಕೆ ಒಂದು ದೋಣಿ. ಚಕ್ರಕ್ಕೆ ಒಂದು ಹಿಡಿ ಇರಬೇಕು. ಆದರೆ ಎಷ್ಟೋ ಕಡೆ ಅದನ್ನ ಬಿಚ್ಚಿ ಅಟ್ಟಕ್ಕೆ ಹಾಕಿರ್ತಾರೆ. ಪಕ್ಕದಲ್ಲಿ ಆಂಗಲ್ ಕಬ್ಬಿಣ ವೆಲ್ಡ್ ಮಾಡಿ ಎರಡು ಎಚ್‌ಪಿ ಮೋಟರ್ ಕೂರಿಸಿ, ಚಕ್ರದ ಅಂಚಿಗೇ ಬೆಲ್ಟ್ ಸುತ್ತಿರ್ತಾರೆ.

ಇದೇ ಉಪಾಯವನ್ನ ಭೂಮಿಯ ಇನ್ನೊಂದು ಮೂಲೆಯಲ್ಲಿ ಬೇರೆ ಕೆಲಸಕ್ಕೆ ಮಾಡ್ತಾರೆ. ಮಿನ್ನೆಸೋಟಾದಲ್ಲೋ ಫಿನ್‌ಲ್ಯಾಂಡಿನಲ್ಲೋ ಚಳಿಗಾಲಕ್ಕೆ ಕೆರೆಗಳು ಹೆಪ್ಪುಗಟ್ಟಿದಾಗ, ಜನ ಆ ಮಂಜಿನ ಮೇಲೇ ನಿಂತು, ತೂತು ಕೊರೆದು, ಗಾಳ ಇಳಿಸಿ ಮೀನು ಹಿಡೀತಾರೆ. ತೂತು ಕೊರೆಯೋಕೆ ಆಳೆತ್ತರದ ಸುರುಳಿ ಬೈರಿಗೆ ಬೇಕು. ಹಿಂದೆ ಅದನ್ನ ಎರಡು ಕೈಯಲ್ಲಿ ತಿರುಗಿಸ್ತಿದ್ದರು. ಈಗ ಮೇಲಿನ ಹಿಡಿ ಬಿಚ್ಚಿ, ಒಂದು ಅಡಾಪ್ಟರ್ ಹಾಕಿ, ನಮ್ಮ ಲ್ಯಾಬಿನಲ್ಲಿರೋ ತರಹದ ಬ್ಯಾಟರಿ ಡ್ರಿಲ್ಲನ್ನೇ ಸಿಕ್ಕಿಸ್ತಾರೆ. ಐದು ನಿಮಿಷ ಬೆವರು ಸುರಿಸೋ ಕೆಲಸ ಅರ್ಧ ನಿಮಿಷಕ್ಕೆ ಮುಗಿಯುತ್ತೆ.

ಹೊಸಕೋಟೆ ಕೊಟ್ಟಿಗೆಯಲ್ಲಿ ನಡೆದದ್ದೂ ಮಂಜಿನ ಮೇಲೆ ನಡೆದದ್ದೂ ಒಂದೇ. ಕೈಗೆ ಅಂತ ಮಾಡಿದ ಯಂತ್ರಕ್ಕೆ ಕೈ ಅಲ್ಲದ ಶಕ್ತಿಯನ್ನ ಕಟ್ಟಿದ್ದಾರೆ. ಜೋಡಿಸೋದು ಸುಲಭ, ಯಾವ ವೆಲ್ಡಿಂಗ್ ಶಾಪಿನಲ್ಲಾದರೂ ಆಗುತ್ತೆ. ಆದರೆ ಆ ಯಂತ್ರವನ್ನ ಮೊದಲು ಯಾವ ಶಕ್ತಿಯ ಅಳತೆಗೆ ಮಾಡಿದ್ದರು ಅನ್ನೋದನ್ನ ಯಾರೂ ಕೇಳೋದಿಲ್ಲ. ಈ ಒಂದು ಪ್ರಶ್ನೆ ಹಿಡಿದುಕೊಂಡು ಇಡೀ ಬದುಕು ನಡೆಸಿದವರು ನಮ್ಮಲ್ಲೇ ಒಬ್ಬರಿದ್ದರು ಅಂತ ನನಗನ್ನಿಸುತ್ತೆ. ಮೇವು ಕತ್ತರಿಸೋ ಯಂತ್ರ ಅವರ ಕಾರ್ಖಾನೆಯ ಮೊಟ್ಟಮೊದಲ ಸರಕುಗಳಲ್ಲಿ ಒಂದು. ಅವರ ಹೆಸರು ಪಂಪ್‌ಹೌಸುಗಳ ಗೋಡೆ ಮೇಲೆ, ವರ್ಕ್‌ಶಾಪಿನ ಲೇತ್ ಮೇಲೆ ನೀವು ನೂರು ಸಲ ಓದಿರ್ತೀರಿ. ಓದಿ, ಅದು ಬರೀ ಕಂಪನಿ ಹೆಸರು ಅಂದುಕೊಂಡಿರ್ತೀರಿ.

ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ್ ಕಿರ್ಲೋಸ್ಕರರೂ ಅದೇ ಊರಿನವರು. ತಂದೆ ವೇದಾಂತ ಓದಿಕೊಂಡ ಪಂಡಿತರು. ಹುಡುಗನಿಗೆ ಓದು ಅಷ್ಟಕ್ಕಷ್ಟೇ, ಚಿತ್ರ ಮತ್ತು ಯಂತ್ರ ಎರಡರ ಮೇಲೆ ಮಾತ್ರ ಪ್ರಾಣ. ಮನೆಯವರ ಇಷ್ಟಕ್ಕೆ ವಿರುದ್ಧವಾಗಿ, ಅಣ್ಣ ರಾಮುಅಣ್ಣನ ಬೆಂಬಲದಿಂದ, 1885ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆ ಸೇರಿದರು. ಎರಡು ವರ್ಷ ಆದ ಮೇಲೆ ಗೊತ್ತಾಗಿದ್ದು, ತಮಗೆ ಭಾಗಶಃ ಬಣ್ಣಗುರುಡು ಇದೆ ಅಂತ. ಚಿತ್ರಕಾರನಾಗಬೇಕು ಅಂತ ಊರು ಬಿಟ್ಟು ಬಂದ ಹದಿನೆಂಟರ ಹುಡುಗನಿಗೆ ಇದಕ್ಕಿಂತ ಕೆಟ್ಟ ಸುದ್ದಿ ಇನ್ನೇನಿರುತ್ತೆ!

ಅವರು ಕುಂಚ ಬಿಟ್ಟು ಸ್ಕೇಲು ಹಿಡಿದರು. ಯಂತ್ರಗಳ ರೇಖಾಚಿತ್ರಕ್ಕೆ ಬಣ್ಣ ಬೇಡ. ಆಗಷ್ಟೇ ಶುರುವಾಗಿದ್ದ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮೆಕ್ಯಾನಿಕಲ್ ಡ್ರಾಯಿಂಗ್ ಸಹಾಯಕ ಶಿಕ್ಷಕರಾದರು. ಈಗಿನ ವಿಜೆಟಿಐ ಅದೇ. ಬಿಡುವಿದ್ದಾಗಲೆಲ್ಲ ಅಲ್ಲಿನ ವರ್ಕ್‌ಶಾಪಿನಲ್ಲಿ ಯಂತ್ರಗಳ ಜೊತೆ ಕೈ ಮಸಿ ಮಾಡಿಕೊಂಡರು. ಇಂಜಿನಿಯರಿಂಗ್ ಡಿಗ್ರಿ ಅವರ ಹತ್ತಿರ ಇರಲಿಲ್ಲ, ಮುಂದೆಯೂ ಬರಲಿಲ್ಲ.

ಅದೇ ಕಾಲಕ್ಕೆ ಸೈಕಲ್ ಬಂತು. ಮುಂಬಯಿಯಲ್ಲಿ ಲಕ್ಷ್ಮಣರಾವ್ ಸೈಕಲ್ ಕೊಳ್ಳೋದು, ಬೆಳಗಾವಿಯಲ್ಲಿ ರಾಮುಅಣ್ಣ ಮಾರೋದು. 1888ರಲ್ಲಿ ಬೆಳಗಾವಿಯಲ್ಲಿ ಶುರುವಾದ ಆ ಸಣ್ಣ ಸೈಕಲ್ ಅಂಗಡಿಯೇ ಕಿರ್ಲೋಸ್ಕರ್ ಬ್ರದರ್ಸ್. ಒಂದು ಸೈಕಲ್ಲಿಗೆ 700ರಿಂದ 1000 ರೂಪಾಯಿ. ಆ ಕಾಲದ 1000 ರೂಪಾಯಿ! ಓಡಿಸೋದು ಕಲಿಸೋಕೆ ರಾಮುಅಣ್ಣನಿಗೆ ಬೇರೆ 15 ರೂಪಾಯಿ ಫೀಸು. ಕಾಲೇಜಿನಲ್ಲಿ ತಮಗೆ ಬರಬೇಕಾಗಿದ್ದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್ನರಿಗೆ ಹೋದಾಗ ಲಕ್ಷ್ಮಣರಾವ್ ಕೆಲಸ ಬಿಟ್ಟು ಬೆಳಗಾವಿಗೆ ಬಂದುಬಿಟ್ಟರು.

ಸೈಕಲ್ ವಿಷಯ ಸುಮ್ಮನೆ ಹೇಳಿದ್ದಲ್ಲ. ಮನುಷ್ಯನ ಕಾಲಿನ ಶಕ್ತಿಯನ್ನ ಯಂತ್ರಕ್ಕೆ ಹೊಂದಿಸೋ ಪಾಠ ಅದರಷ್ಟು ಚೆನ್ನಾಗಿ ಯಾವ ಪಠ್ಯಪುಸ್ತಕವೂ ಹೇಳಲ್ಲ. ಒಬ್ಬ ಸಾಧಾರಣ ಮನುಷ್ಯ ಗಂಟೆಗಟ್ಟಲೆ ಕೊಡಬಲ್ಲ ಶಕ್ತಿ ಸುಮಾರು 75 ವಾಟ್. ಪೆಡಲ್ಲಿನ ಹಲ್ಲು ಎಷ್ಟು, ಹಿಂದಿನ ಚಕ್ರದ ಹಲ್ಲು ಎಷ್ಟು ಅನ್ನೋ ಲೆಕ್ಕ ಪೂರ್ತಿ ಈ 75 ವಾಟಿನ ಸುತ್ತ. ಹಲ್ಲು ತಪ್ಪಿದರೆ ಮಂಡಿ ನೋಯುತ್ತೆ, ಇಲ್ಲಾ ಕಾಲು ಸುಮ್ಮನೆ ಗಿರಗಿರ ತಿರುಗುತ್ತೆ. ವರ್ಷಗಟ್ಟಲೆ ಸೈಕಲ್ ಬಿಚ್ಚಿ ಕಟ್ಟಿದ ಕೈಗಳಿಗೆ ಇದು ಲೆಕ್ಕ ಮಾಡದೆಯೇ ಗೊತ್ತಿರುತ್ತೆ.

ಈಗ ಮೇವಿನ ಯಂತ್ರಕ್ಕೆ ಬರೋಣ. ಹೊರದೇಶದ ಯಂತ್ರಗಳನ್ನ ನೋಡಿ, ಬಿಚ್ಚಿ, ನಮ್ಮ ರೈತನಿಗೆ ಆಗೋ ಹಾಗೆ ಅವರು ಮೇವು ಕತ್ತರಿಸೋ ಯಂತ್ರ ಮಾಡಿ ಮಾರೋಕೆ ಶುರು ಮಾಡಿದರು. ಕೈಯಲ್ಲಿ ತಿರುಗಿಸೋ ಅಂಥ ಯಂತ್ರದಲ್ಲಿ ದೊಡ್ಡ ಚಕ್ರ ಯಾಕೆ? ಅಲಗು ಕಡ್ಡಿಗೆ ತಾಗೋ ಕ್ಷಣ ಮಾತ್ರ ಬಲ ಬೇಕು, ಉಳಿದ ಹೊತ್ತು ಬೇಡ. ಕೈ ಒಂದೇ ಸಮ ತಿರುಗಿಸ್ತಾ ಇರುತ್ತೆ, ಚಕ್ರ ಆ ಶಕ್ತಿ ಕೂಡಿಟ್ಟುಕೊಂಡು ಕತ್ತರಿಸೋ ಕ್ಷಣಕ್ಕೆ ಕೊಡುತ್ತೆ. ನಿಮಿಷಕ್ಕೆ 45 ಸುತ್ತು ಅಂದ್ರೆ ಕೈಗೆ ಆರಾಮ. ಅಕಸ್ಮಾತ್ ಮೇವು ತಳ್ಳೋ ಕೈ ಒಳಗೆ ಸಿಕ್ಕಿತು ಅನ್ನಿ, ತಿರುಗಿಸ್ತಿರೋನು ಕಿರುಚಿದ್ದು ಕೇಳಿ ನಿಲ್ಲಿಸ್ತಾನೆ, ಚಕ್ರ ಬೇಗ ನಿಲ್ಲುತ್ತೆ. ಅಂದರೆ ಆ ಯಂತ್ರದ ಬ್ರೇಕ್ ಮನುಷ್ಯನೇ. ಡ್ರಾಯಿಂಗಿನಲ್ಲಿ ಅದನ್ನ ಬರೆದಿರಲ್ಲ.

ಅದಕ್ಕೆ ಮೋಟರ್ ಕಟ್ಟಿದಾಗ ಏನಾಗುತ್ತೆ ನೋಡಿ. ಮೋಟರ್ 1440 ಆರ್‌ಪಿಎಂ. ಅದರ ಮೂರಿಂಚಿನ ಪುಲ್ಲಿಯಿಂದ ಮೂರಡಿ ಚಕ್ರಕ್ಕೆ ಬೆಲ್ಟ್ ಹಾಕಿದರೆ ಹನ್ನೆರಡರಲ್ಲಿ ಒಂದು ಪಾಲು, 120 ಸುತ್ತು. 45ರಿಂದ 120ಕ್ಕೆ ವೇಗ ಎರಡೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಯ್ತು ಅಷ್ಟೇ ತಾನೇ? ಆದರೆ ಚಕ್ರದಲ್ಲಿ ಕೂಡಿರೋ ಶಕ್ತಿ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ, ಅದು ಹತ್ತಿರ ಹತ್ತಿರ ಏಳು ಪಟ್ಟು. ಕಿರುಚಿದ್ದು ಮೋಟರಿಗೆ ಕೇಳಲ್ಲ. ಸ್ವಿಚ್ ಗೋಡೆ ಮೇಲೆ ಆರಡಿ ದೂರದಲ್ಲಿರುತ್ತೆ. ಮೇವಿನ ಯಂತ್ರಕ್ಕೆ ಬೆರಳು ಕೊಟ್ಟವರು, ಅಂಗೈಯೇ ಕೊಟ್ಟವರು ಹಳ್ಳಿ ಕಡೆ ಇದ್ದಾರೆ, ಅದರಲ್ಲಿ ಮಕ್ಕಳೂ ಇದ್ದಾರೆ. ಒಂದು ತಗಡಿನ ಮರೆ, ಕೈ ಹೋಗದಷ್ಟು ಉದ್ದದ ಮುಚ್ಚಿದ ದೋಣಿ, ಕಾಲಿನ ಹತ್ತಿರ ಒಂದು ಸ್ವಿಚ್, ಇಷ್ಟಕ್ಕೆ ಎಷ್ಟು ಖರ್ಚಾಗಬಹುದು? ಪ್ರಾಜೆಕ್ಟ್ ಟಾಪಿಕ್ ಸಿಗ್ತಿಲ್ಲ ಅಂತ ಕ್ಯಾಂಟೀನಲ್ಲಿ ಕೂತಿರೋ ಆರನೇ ಸೆಮ್‌ನವರು ಇದನ್ನ ಎರಡು ಸಲ ಓದಿ.

ಮಂಜಿನ ಬೈರಿಗೆಯದೂ ಇದೇ ಕಥೆ. ದೊಡ್ಡ ಬ್ಯಾಟರಿ ಡ್ರಿಲ್ ಒಂದು ಸಿಕ್ಕಿಹಾಕಿಕೊಂಡ ಕ್ಷಣಕ್ಕೆ 80 ನ್ಯೂಟನ್ ಮೀಟರ್ ತಿರುಚುಬಲ ಕೊಡಬಲ್ಲದು. ಬೈರಿಗೆ ಮಂಜಲ್ಲಿ ಕಚ್ಚಿ ನಿಂತರೆ ಡ್ರಿಲ್ಲೇ ತಿರುಗೋಕೆ ನೋಡುತ್ತೆ. 20 ಸೆಂಟಿಮೀಟರ್ ದೂರದಲ್ಲಿ ಹಿಡಿದ ಕೈ ಮೇಲೆ ಅದು 400 ನ್ಯೂಟನ್, ಅಂದರೆ ಹೆಚ್ಚೂಕಮ್ಮಿ 40 ಕೆ.ಜಿ. ತೂಕ. ಮಣಿಕಟ್ಟು ಉಳೀಬೇಕಾದರೆ ಪಕ್ಕದ ಹಿಡಿ ಉದ್ದ ಇರಬೇಕು, ಗೇರ್ ಒಂದರಲ್ಲೇ ಓಡಿಸಬೇಕು. ಇನ್ನೊಂದು ವಿಷಯ, ಕೈ ಬೈರಿಗೆ ತೂತಿಗಿಂತ ಮೇಲೆ ಅಡ್ಡ ಹಿಡಿ ಇರೋದರಿಂದ ನೀರಿಗೆ ಬೀಳಲ್ಲ. ಹಿಡಿ ಬಿಚ್ಚಿ ಡ್ರಿಲ್ ಹಾಕಿದ ಮೇಲೆ ಚಕ್ ಸಡಿಲಾದರೆ ಬೈರಿಗೆ ಸೀದಾ ಕೆರೆ ತಳಕ್ಕೆ. ಅದಕ್ಕೇ ಬಲ್ಲವರು ಅಡಾಪ್ಟರಿಗೆ ಒಂದು ಅಗಲದ ತಟ್ಟೆ ಸೇರಿಸ್ತಾರೆ. ಹಳೇ ಹಿಡಿ ಸುಮ್ಮನೆ ಮಾಡ್ತಿದ್ದ ಇನ್ನೊಂದು ಕೆಲಸ ಅದು. ಬಿಚ್ಚಿದ ಮೇಲೆ ಗೊತ್ತಾಗೋದು.

ಲಕ್ಷ್ಮಣರಾಯರ ದೊಡ್ಡ ಪರೀಕ್ಷೆ ನಡೆದದ್ದು ಕಬ್ಬಿಣದ ನೇಗಿಲಿನಲ್ಲಿ. ಮರದ ನೇಗಿಲು ನೆಲ ಗೀರುತ್ತೆ, ಮಣ್ಣು ಮಗುಚಲ್ಲ. ಎರಡು ಸಾಲುಗಳ ನಡುವೆ ಉಳದ ನೆಲ ಹಾಗೇ ಉಳಿಯುತ್ತೆ. ಕಬ್ಬಿಣದ ನೇಗಿಲು ಮಣ್ಣನ್ನ ಕತ್ತರಿಸಿ ಮಗುಚಿಹಾಕುತ್ತೆ. ಆದರೆ ಯುರೋಪು, ಅಮೆರಿಕದ ನೇಗಿಲುಗಳು ಅಲ್ಲಿನ ದಪ್ಪ ಕುದುರೆಗಳಿಗೆ ಮಾಡಿದ್ದವು. ನಮ್ಮ ಎತ್ತು ಬೇರೆ ಲೆಕ್ಕ. 400 ಕೆ.ಜಿ. ತೂಗೋ ಎತ್ತು ದಿನವಿಡೀ ಎಳೆಯೋದು ತನ್ನ ತೂಕದ ಹತ್ತರಲ್ಲಿ ಒಂದು ಪಾಲು. ಜೋಡಿಗೆ 80 ಕೆ.ಜಿ. ಎಳೆತ. ಸೆಕೆಂಡಿಗೆ 0.9 ಮೀಟರ್ ನಡಿಗೆ. ಗುಣಿಸಿ ನೋಡಿ, ಸುಮಾರು 700 ವಾಟ್. ನಿಮ್ಮ 18 ವೋಲ್ಟ್, 5 ಆಂಪಿಯರ್ ಅವರ್ ಡ್ರಿಲ್ ಬ್ಯಾಟರಿಯಲ್ಲಿರೋದು 90 ವಾಟ್ ಅವರ್. ಒಂದು ಜೊತೆ ಎತ್ತು ಎಂಟು ನಿಮಿಷದೊಳಗೆ ಮಾಡಿಬಿಡೋ ಕೆಲಸ ಅದು. ಬ್ಯಾಟರಿ ಡ್ರಿಲ್ಲಿಂದ ಇಡೀ ದ್ರಾಕ್ಷಿ ತೋಟಕ್ಕೆ ಕಂಬದ ಗುಂಡಿ ತೋಡ್ತೀನಿ ಅನ್ನೋ ಗೆಳೆಯರಿಗೆ ಈ ಲೆಕ್ಕ ತೋರಿಸಿ.

700 ವಾಟಿನೊಳಗೆ ಮುಗಿಯೋ ನೇಗಿಲು ಬೇಕು. ಹಗುರ ಇರಬೇಕು, ಆದರೆ ಬಾಗಬಾರದು. ಸವೆಯೋ ಕುಳ ಬದಲಾಯಿಸೋ ಹಾಗಿರಬೇಕು, ರೈತ ಒಂದು ಕುಳಕ್ಕಾಗಿ ಬೆಳಗಾವಿಗೆ ಎರಡು ದಿನ ನಡೆಯಲ್ಲ. ಇಷ್ಟೆಲ್ಲ ಮಾಡಿ ನೇಗಿಲು ತಂದಿಟ್ಟರೆ ಕೊಳ್ಳೋರಿಲ್ಲ. ಕಬ್ಬಿಣ ತಾಗಿದರೆ ನೆಲಕ್ಕೆ ವಿಷ ಏರುತ್ತೆ ಅನ್ನೋ ನಂಬಿಕೆ. ಮೊದಲ ಗಿರಾಕಿ ಸಿಗೋಕೆ ಎರಡು ವರ್ಷ ಹಿಡಿಯಿತು.

ಎರಡು ವರ್ಷ ಅಂದ್ರೆ ನಮ್ಮ ನಾಲ್ಕು ಸೆಮಿಸ್ಟರ್. ಇದನ್ನ ಹೇಳುವಾಗ ಸಾಮಾನ್ಯವಾಗಿ ರೈತರ ಮೂಢನಂಬಿಕೆ ಅಂತ ನಗ್ತಾರೆ. ನನಗೆ ಹಾಗನ್ನಿಸಲ್ಲ. ವರ್ಷಕ್ಕೆ ಒಂದೇ ಬೆಳೆ, ಅದು ಕೆಟ್ಟರೆ ಸಾಲ. ಪಕ್ಕದ ಹೊಲದಲ್ಲಿ ಒಂದು ಸುಗ್ಗಿ ನೋಡದೆ ಹೊಸ ಉಪಕರಣಕ್ಕೆ ದುಡ್ಡು ಹಾಕದಿರೋನು ದಡ್ಡ ಅಲ್ಲ. ಲಕ್ಷ್ಮಣರಾಯರೂ ಹಾಗೆ ಅಂದುಕೊಂಡಿರಲಿಕ್ಕಿಲ್ಲ. ಯಾಕಂದರೆ ಆ ಎರಡು ವರ್ಷ ಅವರು ನೇಗಿಲು ಮಾಡೋದನ್ನ ಬಿಡಲಿಲ್ಲ.

ವ್ಯಾಪಾರ ಕುದುರಿತು ಅನ್ನುವಾಗ ಬೆಳಗಾವಿ ಪುರಸಭೆ ಊರು ವಿಸ್ತರಿಸಬೇಕು, ಜಾಗ ಖಾಲಿ ಮಾಡಿ ಅಂತು. ಯಂತ್ರಗಳನ್ನ ಎತ್ತಿಕೊಂಡು ಎಲ್ಲಿಗೆ ಹೋಗೋದು? ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ್ ಪಂತ ಪ್ರತಿನಿಧಿ ಅವರಿಗೆ ಲಕ್ಷ್ಮಣರಾಯರ ಮೇಲೆ ವಿಶ್ವಾಸ ಇತ್ತು. ಬಡ್ಡಿಯಿಲ್ಲದೆ 10,000 ರೂಪಾಯಿ ಸಾಲ, ಕುಂಡಲ್ ರೋಡ್ ಅನ್ನೋ ರೈಲು ನಿಲ್ದಾಣದ ಹತ್ತಿರ 32 ಎಕರೆ ಬೀಳುಭೂಮಿ ಕೊಟ್ಟರು. ಪಾಪಸುಕಳ್ಳಿ, ನಾಗರಹಾವು ತುಂಬಿದ ಜಾಗ. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಈಗ ಅದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ.

ಅವರು ಸೇರಿಸಿಕೊಂಡ ತಂಡ ನೋಡಿದರೆ ಇವತ್ತಿನ ಎಚ್‌ಆರ್‌ನವರು ಬೆಚ್ಚಿಬೀಳ್ತಾರೆ. ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟ ಶಂಭುರಾವ್ ಜಾಂಭೇಕರ್ ಯಂತ್ರಗಳಿಗೆ, ಮಂಗೇಶರಾವ್ ರೇಗೆ ಲೆಕ್ಕಪತ್ರಕ್ಕೆ, ಓದು ಮುಗಿಸದ ಅನಂತರಾವ್ ಫಳಣೀಕರ್ ಇನ್ನೊಂದಕ್ಕೆ. ರಾತ್ರಿ ಕಾವಲಿಗೆ ಒಂದು ಕಾಲದಲ್ಲಿ ದರೋಡೆ ಮಾಡಿ ಜೈಲು ಕಂಡವರು. ವಾಡಿಯೊಳಗೆ ಅಸ್ಪೃಶ್ಯತೆ ನಡೆಯಕೂಡದು ಅನ್ನೋದು ಕಟ್ಟಳೆ. ಎಲ್ಲರೂ ಮಾಡಿದ್ದು ಮೊದಲು ಕಳ್ಳಿ ಕೀಳೋ ಕೆಲಸ. 1920ರಲ್ಲಿ ಕಂಪನಿ ಲಿಮಿಟೆಡ್ ಆಯ್ತು. ಅದೇ ವರ್ಷ ಅಲ್ಲಿಂದ ಖಬರ್ ಅಂತ ಒಂದು ಪತ್ರಿಕೆಯೂ ಹೊರಟಿತು, ಮುಂದೆ ಅದು ಹೆಸರಾಂತ ಮರಾಠಿ ಮಾಸಿಕವಾಗಿ ಬೆಳೆಯಿತು. ಕಾರ್ಖಾನೆಯಲ್ಲಿ ಪತ್ರಿಕೆ ಯಾಕೆ ಅಂತ ಕೇಳೋರಿಗೆ ಕನ್ನಡ ಸಂಘದವರು ಇನ್ನು ಮೇಲೆ ಇದನ್ನ ತೋರಿಸಬಹುದು.

ನೇಗಿಲಿನ ಹಿಂದೆ ಶೇಂಗಾ ಸುಲಿಯೋ ಯಂತ್ರ ಬಂತು, ಕಬ್ಬಿನ ಗಾಣ ಬಂತು. ಎಲ್ಲ ಕೈ, ಇಲ್ಲಾ ಎತ್ತು. ಆಮೇಲೆ 1926ರಲ್ಲಿ ಸೆಂಟ್ರಿಫ್ಯೂಗಲ್ ಪಂಪ್ ಬಂತು. ನಾನು ಈ ಲೇಖನ ಬರೀಬೇಕು ಅಂದುಕೊಂಡಿದ್ದೇ ಈ ಒಂದು ಹೆಜ್ಜೆಗೋಸ್ಕರ.

ನಮ್ಮ ಕಡೆ ಹಳೇ ತೆರೆದ ಬಾವಿಗಳ ದಡದಲ್ಲಿ ಎರಡು ಕಲ್ಲುಕಂಬ ನಿಂತಿರೋದು ನೋಡಿರ್ತೀರಿ. ಅದು ಕಪಿಲೆ ಬಾವಿ. ಎತ್ತುಗಳು ಇಳಿಜಾರಿನಲ್ಲಿ ನಡೀತಾ ಹಗ್ಗ ಎಳೀತಿದ್ದವು, ಚರ್ಮದ ಬಾನಿ ನೀರು ತುಂಬಿಕೊಂಡು ಮೇಲೆ ಬರ್ತಿತ್ತು. ಬಲ ಜಾಸ್ತಿ, ವೇಗ ಕಮ್ಮಿ. ಇಂಜಿನ್ನು, ಮೋಟರು ಬಂದ ಕಾಲಕ್ಕೆ ಸುಲಭದ ದಾರಿ ಅಂದ್ರೆ ಎತ್ತಿನ ಜಾಗದಲ್ಲಿ ಮೋಟರ್ ಕಟ್ಟಿ ಅದೇ ಬಾನಿ ಎಳೆಸೋದು. ನಾವು ಕೊಟ್ಟಿಗೆಯಲ್ಲಿ ಮಾಡ್ತಿರೋದು ಅದನ್ನೇ. ಪಂಪ್ ಹಾಗಲ್ಲ. ಮೋಟರಿನ ಸ್ವಭಾವ ಬಲ ಕಮ್ಮಿ, ವೇಗ ಜಾಸ್ತಿ. ಆ ವೇಗವೇ ಬೇಕು ಅನ್ನೋ ಯಂತ್ರ ಅದು. 15 ಸೆಂಟಿಮೀಟರ್ ಅಗಲದ ಇಂಪೆಲ್ಲರನ್ನ 2880 ಆರ್‌ಪಿಎಂನಲ್ಲಿ ತಿರುಗಿಸಿದರೆ ಅಂಚಿನ ವೇಗ ಸೆಕೆಂಡಿಗೆ 22 ಮೀಟರ್ ದಾಟುತ್ತೆ, ನೀರು ಸುಮಾರು 25 ಮೀಟರ್ ಎತ್ತರಕ್ಕೆ ಏರುತ್ತೆ. ಅದೇ ಪಂಪನ್ನ ಹತ್ತನೇ ಒಂದು ಪಾಲು ವೇಗದಲ್ಲಿ ತಿರುಗಿಸಿ. ಎತ್ತರ ನೂರನೇ ಒಂದು ಪಾಲು, ಬರೀ 25 ಸೆಂಟಿಮೀಟರ್. ಎತ್ತಿಗೆ ಈ ಪಂಪ್ ಕಟ್ಟಿ ಪ್ರಯೋಜನ ಇಲ್ಲ, ಮೋಟರಿಗೆ ಆ ಬಾನಿ ಕಟ್ಟಿಯೂ ಪ್ರಯೋಜನ ಇಲ್ಲ. ಎತ್ತಿಗೆ ತಕ್ಕ ನೇಗಿಲು ಮಾಡಿದ ಕಾರ್ಖಾನೆಯೇ ಮೋಟರಿಗೆ ತಕ್ಕ ಪಂಪ್ ಮಾಡಿತು.

ಸೆಂಟ್ರಿಫ್ಯೂಗಲ್ ಪಂಪಿಗೂ ಮಿತಿ ಇತ್ತು ಅನ್ನಿ. ಮೇಲೆ ಕೂತು ನೀರು ಹೀರೋದು ಏಳೆಂಟು ಮೀಟರ್ ಆಳದಿಂದ ಮಾತ್ರ, ಅದಕ್ಕಿಂತ ಕೆಳಗಿನದಕ್ಕೆ ವಾಯುಭಾರ ಸಾಲಲ್ಲ. ದೊಡ್ಡಬಳ್ಳಾಪುರ, ಹೊಸಕೋಟೆ ಬಾವಿಗಳ ನೀರು ಕೆಳಗಿಳಿದಂತೆ ಪಂಪೂ ಕೆಳಗಿಳಿಯಬೇಕಾಯ್ತು, ಕೊನೆಗೆ ಬೋರ್‌ವೆಲ್ಲಿನೊಳಗೇ ಮುಳುಗಬೇಕಾಯ್ತು. ಆ ಕಥೆ ಬೇರೆ, ಅದರಲ್ಲಿ ನಮ್ಮೆಲ್ಲರ ಪಾಲೂ ಇದೆ.

ಪಂಪ್ ಬಂದ ವರ್ಷವೇ ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದರು. ಮನೆತನದಲ್ಲಿ ಡಿಗ್ರಿ ಇರೋ ಇಂಜಿನಿಯರ್ ಬರೋದಕ್ಕೆ ಮುಂಚೆಯೇ ಅಪ್ಪ ಒಂದು ಊರು ಕಟ್ಟಿ, ನೇಗಿಲು ಮಾಡಿ, ಕಾರ್ಖಾನೆ ನಿಲ್ಲಿಸಿ ಆಗಿತ್ತು. ಮುಂದಿನದು ಬೇಗ ಹೇಳಿ ಮುಗಿಸಬಹುದು. ಯುದ್ಧಕಾಲದಲ್ಲಿ, 1941ರಲ್ಲಿ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆ. 1946ರಲ್ಲಿ ಪುಣೆಯಲ್ಲಿ ಆಯಿಲ್ ಇಂಜಿನ್, ಬೆಂಗಳೂರಿನಲ್ಲಿ ಮೋಟರ್ ಮಾಡೋ ಕಿರ್ಲೋಸ್ಕರ್ ಎಲೆಕ್ಟ್ರಿಕ್. ಆಗ ಶಕ್ತಿಯ ಎರಡು ಮೂಲವನ್ನೂ ಅವರವರೇ ಮಾಡೋ ಹಾಗಾಯ್ತು.

ಲಕ್ಷ್ಮಣರಾವ್ 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಆಗ ಅವರಿಗೆ 87. ಹುಟ್ಟಿ ನೂರು ವರ್ಷ ತುಂಬಿದ 1969ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಸ್ಟಾಂಪ್ ಹೊರಡಿಸಿತು. ಕುಂಡಲ್ ರೋಡ್ ನಿಲ್ದಾಣದ ಹೆಸರು ಈಗ ಕಿರ್ಲೋಸ್ಕರವಾಡಿ. ಹರಿಹರದ ಲೇತ್ ಕಾರ್ಖಾನೆ ಮುಚ್ಚಿ ಎರಡು ದಶಕದ ಮೇಲಾಯ್ತು. ಆದರೂ ಎಷ್ಟೋ ಕಾಲೇಜುಗಳ ವರ್ಕ್‌ಶಾಪಿನಲ್ಲಿ ಆ ಲೇತುಗಳು ಇನ್ನೂ ಓಡ್ತಿವೆ. ಮೊದಲ ವರ್ಷದವರು ಅದರ ಮೇಲೆ ಸ್ಟೆಪ್ ಟರ್ನಿಂಗ್ ಕಲೀತಾರೆ, ಮೇವಿನ ಯಂತ್ರಕ್ಕೆ ಬೇಕಾದ ಮೂರಿಂಚಿನ ಪುಲ್ಲಿಯೂ ಅದರಲ್ಲೇ ಆಗುತ್ತೆ.